ಗುರುಸಿದ್ದವ್ವನ ಬಿಸಿ ಅರಿವೆ

ಚಿಗಳ್ಳಿಯಲ್ಲಿ ಬೆಳಗಾದರೂ ಕಣ್ಣು ಬಿಡದ ಮನೆಯೊಂದಿದೆ. ಕೋಳಿ ಕೂಗಿ ಕೂಗಿ ಸುಸ್ತಾಗಿ ಸುಮ್ಮನಾದರೂ, ಎದುರು ಮನೆಯವರು ಅಂಗಳ ಸಾರಿಸಿ ರಂಗೋಲಿ ಹಾಕಿ ಮುಗಿಸಿದರೂ, ಆ ಮನೆಯ ಪಡಸಾಲೆಯಲ್ಲಿ ಹಾಸಿಗೆಗಳು ಹಾಸಿದ ಹಾಗೇ ಇರುತ್ತವೆ. ನಿದ್ದೆ ಅಂತ ತಿಳಿಯಬೇಡಿ. ಎಲ್ಲರಿಗೂ ಎಚ್ಚರವಿರುತ್ತದೆ. ಮಾತಾಡುತ್ತಾರೆ, ನಗುತ್ತಾರೆ, ಹಿಂದಿನ ದಿನದ ಜಗಳ ಉಳಿದಿದ್ದರೆ ಅದನ್ನೂ ಮುಗಿಸಿಕೊಳ್ಳುತ್ತಾರೆ. ಎಲ್ಲವೂ ಕಣ್ಣು ಮುಚ್ಚಿಕೊಂಡೇ. ಊರವರು ಅದಕ್ಕೆ ‘ಕಣ್ಣುಮುಚ್ಚಿ ಮನಿ’ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಹೆಸರಿಡುವುದಕ್ಕೆ ಊರವರ ಗಂಟೇನು ಹೋಗುತ್ತದೆ?

ಕಾರಣ ಮಾತ್ರ ನಗುವಂಥದ್ದಲ್ಲ. ಆ ಮನೆತನದ ಕಣ್ಣಿಗೆ ರಕ್ತದಲ್ಲೇ ಹರಿದುಬಂದ ಒಂದು ದೋಷ. ರಾತ್ರಿ ಮಲಗಿದಾಗ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಫಕ್ಕನೆ ಬಿಟ್ಟರೆ ಗುಡ್ಡೆಯ ಮೇಲಿನ ತೆಳ್ಳನೆಯ ಪದರ ರೆಪ್ಪೆಯ ಜೊತೆಗೇ ಕಿತ್ತುಬರುತ್ತದೆ. ಆಮೇಲೆ ಮಧ್ಯಾಹ್ನದವರೆಗೂ ಕಣ್ಣಲ್ಲಿ ಗಾಜಿನ ಚೂರು ಹೊಕ್ಕ ಹಾಗೆ ನೋವು, ನಿಲ್ಲದ ನೀರು, ಬೆಳಕಿನ ಕಡೆ ಮುಖವೆತ್ತಲಾಗದ ಸಂಕಟ. ವರ್ಷ ಕಳೆದಂತೆ ನೋಟವೂ ಮಬ್ಬಾಗುತ್ತ ಹೋಗುತ್ತದೆ.

ಇದಕ್ಕೊಂದು ಉಪಾಯ ಹುಡುಕಿದವಳು ಶಾಂತಾದೇವಿಯ ತಾಯಿ ಗುರುಸಿದ್ದವ್ವ. ಶಾಂತಾದೇವಿಗೆ ಈಗ ಅರವತ್ತು ದಾಟಿದೆ, ಶಾಲೆಗೆ ಹೋಗುವ ಮೊಮ್ಮಗಳಿದ್ದಾಳೆ. ಆದರೂ ಆ ಬೆಳಗುಗಳು ನೆನಪಾದರೆ ಸಾಕು, ಅವಳು ಎರಡು ಜಡೆಯ ಹುಡುಗಿಯಾಗಿಬಿಡುತ್ತಾಳೆ. ಪಕ್ಕದಲ್ಲಿ ಕಾಲಿಂದ ಒದೆಯುವ ತಮ್ಮ ರುದ್ರೇಶ, ಆಚೆ ಅಪ್ಪ. ಅಡುಗೆಮನೆಯಲ್ಲಿ ಅವ್ವ ಕಟ್ಟಿಗೆ ಮುರಿಯುವ ಸದ್ದು, ಕಡ್ಡಿ ಗೀರುವ ಸದ್ದು, ಆಮೇಲೆ ಅವಳ ಕೂಗು: “ಬಿಡಬ್ಯಾಡ್ರಿ, ಬಂದೆ!” ಗಾಳಿ ಆ ಕಡೆಯಿಂದ ಬೀಸಿದ ದಿನ ಟಿಬೆಟನ್ ಕಾಲೊನಿಯ ಮಠದ ಕಹಳೆಯ ದನಿ ಗೋವಿನಜೋಳದ ಹೊಲಗಳ ಮೇಲೆ ತೇಲಿ ಬರುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡೇ, “ಲಾಮಾಗೋಳು ಎದ್ರು ನೋಡ್ರಿ, ನಮ್ಮದs ಇನ್ನೂ ಆಗಿಲ್ಲ” ಅನ್ನುತ್ತಿದ್ದ.

ಅವ್ವ ಬರುತ್ತಿದ್ದಳು. ಅವಳ ಹಳೆಯ ಇಳಕಲ್ ಸೀರೆ ಹರಿದು ಮಾಡಿದ ತುಂಡುಗಳು, ಒಬ್ಬೊಬ್ಬರಿಗೆ ಒಂದೊಂದು. ಬಿಸಿನೀರಲ್ಲಿ ಅದ್ದಿ, ಹಿಂಡಿ, ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡಿ, ಮೆಲ್ಲಗೆ ಕಣ್ಣ ಮೇಲೆ ಇಡುತ್ತಿದ್ದಳು. “ಒಳಗs ಹೊರಳಸ್ರಿ. ಬಿಡಬ್ಯಾಡ್ರಿ.” ರೆಪ್ಪೆಯೊಳಗೆ ಕಣ್ಣು ಹೊರಳಿಸಿ ಹೊರಳಿಸಿ, ಅಂಟು ಸಡಿಲಾಗಿ, ನೀರಾಡುವವರೆಗೂ ಮಕ್ಕಳು ಸುಮ್ಮನಿರಬೇಕಲ್ಲ? ಅದಕ್ಕೊಂದು ಆಟ ಕಟ್ಟಿದ್ದಳು. ಒಲೆಯ ಮೇಲೇನಿದೆ ಎಂದು ವಾಸನೆಯಿಂದಲೇ ಹೇಳಬೇಕು. ಸರಿ ಹೇಳಿದವರಿಗೆ ಮೊದಲ ರೊಟ್ಟಿ.

“ಮೆಂತೆ ಪಲ್ಲೆ!” ಶಾಂತಾ ಕೂಗುತ್ತಿದ್ದಳು.

“ಅಲ್ಲ, ಬಳ್ಳೊಳ್ಳಿ ಒಗ್ಗರಣಿ!” ರುದ್ರೇಶ.

“ಏನರ ಇರ್ಲಿ, ಲಗೂನ ಇರ್ಲಿ” ಅಪ್ಪ.

ಅವ್ವ ನಗುತ್ತಿದ್ದಳು. ಆ ನಗುವಿನ ಹಿಂದೆಯೇ ಅಪ್ಪಣೆ ಬರುತ್ತಿತ್ತು: “ಈಗ ಬಿಡ್ರಿ.” ಅರಿವೆ ಸರಿಸಿ ಕಣ್ಣು ಬಿಟ್ಟರೆ ಮೊದಲು ಕಾಣುತ್ತಿದ್ದದ್ದು ಬಗ್ಗಿ ನಿಂತ ಅವಳ ಮುಖ. ಬೆಳಗು ಅಂದರೆ ಶಾಂತಾದೇವಿಗೆ ಸೂರ್ಯನಲ್ಲ, ಅದೇ.

ಅವ್ವನ ಮುಖ ಬೆಳಿಗ್ಗೆ ಯಾವಾಗಲೂ ಕೆಂಪಗೆ ಇರುತ್ತಿತ್ತು. ಕಣ್ಣಲ್ಲಿ ನೀರು. ಯಾಕವ್ವಾ ಅಂದರೆ ಒಂದೇ ಉತ್ತರ, “ಒಲಿ ಹೊಗಿ.” ಹಸಿ ಕಟ್ಟಿಗೆ ತಂದಿರೆಂದು ಅಪ್ಪನ ಮೇಲೆ ದೂರು ಹೇಳುತ್ತಿದ್ದಳು. ಪಾಪದ ಮನುಷ್ಯ ಒಮ್ಮೆ ಹಟಕ್ಕೆ ಬಿದ್ದು ದಾಂಡೇಲಿಯ ಡಿಪೋದಿಂದ ಮತ್ತಿ ಕಟ್ಟಿಗೆ ಹೇರಿಸಿ ತಂದ. ಬೇಸಿಗೆಯೆಲ್ಲ ಬಿಸಿಲಿಗೆ ಒಣಗಿಸಿ, ತಟ್ಟಿದರೆ ಖಣ್ ಅನ್ನುವಂತಾದ ಮೇಲೆ ಒಲೆಗೆ ಕೊಟ್ಟ. ಮರುದಿನ ಬೆಳಿಗ್ಗೆಯೂ ಅವ್ವನ ಕಣ್ಣಲ್ಲಿ ನೀರು. “ಈ ಕಟಗಿನೂ ಹೊಗಿ ಆಡತೈತೇನು?” ಎಂದು ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಅದು ಮನೆಯ ಹಾಸ್ಯವೇ ಆಗಿಹೋಯಿತು. ಯಾರಾದರೂ ಸುಮ್ಮನೆ ದೂರಿದರೆ, ‘ಒಣ ಮತ್ತಿ ಹೊಗಿ ಆಡತಂತ’ ಅನ್ನುವುದು ರೂಢಿಯಾಯಿತು.

ಮಕ್ಕಳ ಮೇಲೆ ಕೈ ಎತ್ತದ ಗುರುಸಿದ್ದವ್ವ ಒಂದೇ ಒಂದು ತಪ್ಪಿಗೆ ಬಡಿಯುತ್ತಿದ್ದಳು. ಒಲೆಯ ಬಲಕ್ಕೆ ಗೋಡೆಯ ಗೂಡಿನಲ್ಲಿರುವ ಕಡ್ಡಿಪೆಟ್ಟಿಗೆ ಅಲ್ಲಿಂದ ಕದಲಬಾರದು. ರುದ್ರೇಶ ಒಮ್ಮೆ ಅದಕ್ಕೆ ದಾರ ಕಟ್ಟಿ ಫೋನು ಮಾಡಿಕೊಂಡು ಹೊಲದಲ್ಲಿ ಬಿಟ್ಟುಬಂದಿದ್ದ. ಮರುದಿನ ಬೆಳಿಗ್ಗೆ ಅವ್ವ ಬಡಿದ ಪೆಟ್ಟನ್ನು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ. “ನಾಕಾಣೆ ಕಡ್ಡಿಪೆಟಗಿ ಸಲುವಾಗಿ ನಮ್ಮವ್ವ ನನ್ನ ಚರ್ಮಾ ಸುಲದಾಳ” ಅನ್ನುವುದು ಅವನ ಹೆಮ್ಮೆಯ ಕತೆ.

ಅವ್ವ ತೀರಿಹೋದ ಮೇಲೆ ಅರಿವೆಯ ಕೆಲಸ ಶಾಂತಾದೇವಿಯ ಗಂಡ ಮುದಕಪ್ಪನಿಗೆ ಬಂತು. ಅವನು ಮನೆವಾಳತನಕ್ಕೆ ಬಂದ ಅಳಿಯ, ಬೇರೆ ರಕ್ತದವ, ಕಣ್ಣು ಚೊಕ್ಕ. ಅವನೂ ಹೋದ ಮೇಲೆ ಸೊಸೆ ನಿರ್ಮಲಾ ಆ ಕೆಲಸ ಹಿಡಿದಳು. ಮಗ ಕಿರಣಕುಮಾರನಿಗೂ ಅದೇ ಕಣ್ಣು. ಗೋವಿನಜೋಳ ಹೇರಿಕೊಂಡು ಟೆಂಪೊ ಹೊಡೆಯುವವನು, ಹೊರಗೆ ಮಲಗುವ ದಿನ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುತ್ತಾನೆ. ಜನ ಚಹಾ ಅಂತ ತಿಳಿದು ಲೋಟ ಮುಂದೆ ಹಿಡಿಯುತ್ತಾರೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಮೊಮ್ಮಗಳು ಶಿವಗಂಗಾ ಒಂದು ಬೆಳಿಗ್ಗೆ ಚಿಟ್ಟನೆ ಚೀರಿದಳು. ಅವತ್ತು ಶಾಲೆಯ ಪ್ರವಾಸ, ದಾಂಡೇಲಿಯ ಹತ್ತಿರದ ಕುಳಗಿಗೆ. ಬಸ್ಸು ತಪ್ಪೀತೆಂಬ ಅವಸರದಲ್ಲಿ ಹುಡುಗಿ ಎದ್ದವಳೇ ಕಣ್ಣು ಬಿಟ್ಟಿದ್ದಳು. ಅಲ್ಲಿಯವರೆಗೂ ಅವಳ ಕಣ್ಣು ತಾಯಿಯದೇ ಆಗಿರಲಿ ಎಂದು ಎಲ್ಲರೂ ಒಳಗೊಳಗೇ ಹರಕೆ ಹೊತ್ತಿದ್ದರು. ಬಸ್ಸು ಹೋಯಿತು, ಹುಡುಗಿ ಕಂಬಳಿಯೊಳಗೆ ಮುಖ ಹುದುಗಿಸಿ ಮಧ್ಯಾಹ್ನದವರೆಗೂ ನರಳಿದಳು. ಶಾಂತಾದೇವಿಗೆ ಎದೆ ಒಡೆದುಹೋಯಿತು. ಹೊಲ ಮನೆ ಕೊಡುವುದು ಸರಿ, ಇದನ್ನೂ ಕೊಟ್ಟೆನಲ್ಲ ಎಂದು ಅತ್ತಳು.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಉದಯಕುಮಾರ ಅನ್ನುವವರು ಹುಡುಗಿಯ ಕಣ್ಣಿಗೆ ದೀಪ ಬಿಟ್ಟು ನೋಡಿದರು. ಆಮೇಲೆ ಅಜ್ಜಿ, ಅಪ್ಪ, ಅಜ್ಜಿಯ ತಮ್ಮ, ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿದರು. ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ ಕಾರ್ನಿಯಾ ಅನ್ನುತ್ತಾರೆ, ಅದರಲ್ಲಿ ಜೇಡನ ಬಲೆಯಂಥ ಗೆರೆಗಳು ಬೆಳೆದಿವೆ, ಇದು ವಂಶದಲ್ಲಿ ಇಳಿದು ಬರುವ ರೋಗ ಎಂದರು. ಕಣ್ಣು ದಾನ ಪಡೆದು ಕಾರ್ನಿಯಾ ಬದಲಿಸಿದರೂ ಕೆಲವು ವರ್ಷಗಳಲ್ಲಿ ಆ ಗೆರೆ ಮತ್ತೆ ಬರುತ್ತವಂತೆ.

“ಹಂಗಾರ ಔಷಧನ ಇಲ್ಲೇನ್ರಿ?” ಶಾಂತಾದೇವಿ ಕೇಳಿದಳು.

“ಒಂದು ಹೊಸಾ ಹನಿ ಬಂದೈತ್ರಿ. ನಡೀತೈತೋ ಇಲ್ಲೋ ಅಂತ ಈಗ ಪರೀಕ್ಷಾ ಮಾಡಾಕತ್ತೇವಿ. ಮೊದಲ ದೊಡ್ಡವರಿಗೆ. ದೊಡ್ಡವರಾಗ ಗುಣಾ ಕಂಡ್ರ ಮುಂದ ಸಣ್ಣ ಮಕ್ಕಳಿಗೆ. ಈ ರೋಗ ಇದ್ದವರು ಸಿಗೂದs ಕಡಿಮಿ. ನಿಮ್ಮ ಮನ್ಯಾಗ ಮೂರು ಮಂದಿ ದೊಡ್ಡವರದೀರಿ, ನೀವು ಬಂದ್ರ ನಮಗ ದೊಡ್ಡ ಆಸರ ಆಗತೈತಿ.”

ಅರ್ಧ ಜನಕ್ಕೆ ಔಷಧದ ಹನಿ, ಅರ್ಧ ಜನಕ್ಕೆ ಬರೀ ನೀರಿನಂಥ ಹನಿ. ಯಾರಿಗೆ ಯಾವುದು ಎಂದು ಕೊನೆಯವರೆಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ. ಅದನ್ನು ಕೇಳಿದ ರುದ್ರೇಶ ಹೊಟ್ಟೆ ಹಿಡಿದು ನಕ್ಕ. “ಕುರುಡ ಕುರುಡಗ ದಾರಿ ತೋರಿಸಿದಂಗ ಆತಲ್ರಿ ಸಾಹೇಬ್ರ!” ಮದುವೆಯಾಗದೆ ಅಕ್ಕನ ಜೊತೆ ಅದೇ ಮನೆಯಲ್ಲಿ ಉಳಿದು, ಮುಂಡಗೋಡದಲ್ಲಿ ಖಾರ ಕುಟ್ಟುವ ಗಿರಣಿ ನಡೆಸುವ ಆಸಾಮಿ, ಮಾತಿಗೂ ಖಾರ ಹತ್ತಿದೆ. ಡಾಕ್ಟರೂ ನಕ್ಕರು. ಹಾಗಿದ್ದರೇನೇ ನಮ್ಮ ಆಸೆ ನಮಗೆ ಮೋಸ ಮಾಡುವುದಿಲ್ಲ ಎಂದರು.

ಆಮೇಲೆ ಅವರು ಒಂದು ಹಾಳೆ ತೆಗೆದು ವಂಶದ ಚಿತ್ರ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ಗುಂಡು. ರೋಗ ಇದ್ದವರದನ್ನು ಕರ್ರಗೆ ತುಂಬುವುದು, ಇಲ್ಲದವರದನ್ನು ಖಾಲಿ ಬಿಡುವುದು. ಶಾಂತಾದೇವಿಯ ಗುಂಡು, ರುದ್ರೇಶನ ಚೌಕ ತುಂಬಿದವು. “ನಿಮ್ಮ ತಂದಿ ತಾಯಿ ಇಬ್ಬರಾಗ ಒಬ್ಬರಿಗೆ ಇದು ಇದ್ದಿರಬೇಕು. ಯಾರಿಗೆ?”

“ನಮ್ಮಪ್ಪಗ” ಎಂದಳು ಶಾಂತಾದೇವಿ, ಯೋಚಿಸದೆಯೇ. “ಅಪ್ಪಗ ಮುಂಜಾನಿ ಕಣ್ಣ ಬಿಡಾಕ ಆಗತಿದ್ದಿಲ್ಲ.” ಅಪ್ಪ ಬೆಳಿಗ್ಗೆ ಏಳದ್ದಕ್ಕೆ ಊರವರು ಸೋಮಾರಿತನ ಅನ್ನುತ್ತಿದ್ದರು, ಮಕ್ಕಳು ರೋಗ ಅನ್ನುತ್ತಿದ್ದರು. ಮಕ್ಕಳ ಮಾತೇ ಗೆದ್ದಿತು.

“ತಾಯೀದು?”

“ಅವ್ವನ ಕಣ್ಣ ಛಲೋ ಇದ್ದೂರಿ. ಎಲ್ಲಾರಕಿಂತ ಮೊದಲ ಏಳಾಕಿ ಅಕಿ. ಮುಪ್ಪಿನಾಗ ಮಬ್ಬ ಆಗಿದ್ದೂ. ಅದು ಯಾರಿಗೆ ಆಗೂದಿಲ್ಲ?”

ಅಪ್ಪನ ಚೌಕ ಕರ್ರಗಾಯಿತು. ಅವ್ವನ ಗುಂಡು ಖಾಲಿ ಉಳಿಯಿತು.

ಮೂವರೂ ಪರೀಕ್ಷೆಗೆ ಒಪ್ಪಿದರು. ಹನಿ ಕೊಡುವ ಮೊದಲು ಕೆಲವು ದಿನ ಬರೀ ನೋವಿನ ವಿಚಾರಣೆ. ದಿನಾ ಬೆಳಿಗ್ಗೆ ಮಹೆಜಬೀನ ಅನ್ನುವ ಹುಡುಗಿ ಫೋನು ಮಾಡುತ್ತಿದ್ದಳು. ಹಳಿಯಾಳದವಳು, ಈ ಪರೀಕ್ಷೆಯ ಕೆಲಸಕ್ಕೆಂದೇ ಆಸ್ಪತ್ರೆಯಲ್ಲಿದ್ದಳು. “ಶಾಂತಕ್ಕಾರ, ಇವತ್ತ ಕಣ್ಣ ಬಿಟ್ಟಾಗ ನೋವು ಎಷ್ಟಿತ್ರಿ? ಸೊನ್ನಿಯಿಂದ ಹತ್ತರೊಳಗ ಹೇಳ್ರಿ.”

“ಸೊನ್ನಿ.”

ರುದ್ರೇಶನೂ ಸೊನ್ನೆ, ಕಿರಣಕುಮಾರನೂ ಸೊನ್ನೆ. ಹನಿ ಶುರುವಾದ ಮೇಲೂ ಮೂವರದೂ ಸೊನ್ನೆಯೇ. ಬೇರೆ ಊರುಗಳ ರೋಗಿಗಳು ಏಳು ಎಂಟು ಎಂದು ಗೋಳಾಡುತ್ತಿದ್ದರೆ ಚಿಗಳ್ಳಿಯ ಮನೆಯಲ್ಲಿ ಮಾತ್ರ ಯಾರಿಗೂ ಏನೂ ಇಲ್ಲ. ಕಣ್ಣು ನೋಡಿದರೆ ಹಳೆಯ ಗಾಯದ ಗುರುತು ಹಾಗೇ ಇದೆ. ಕಣ್ಣಿಗೆ ಬೇರೆ ಏನಾದರೂ ಔಷಧ ಹಾಕುತ್ತೀರಾ ಎಂದು ಮಹೆಜಬೀನ ಎಷ್ಟು ಸಲ ಕೇಳಿದರೂ ಉತ್ತರ ಒಂದೇ, “ಇಲ್ಲವ್ವಾ, ಏನೂ ಹಾಕೂದಿಲ್ಲ.” ಅದು ಸುಳ್ಳೂ ಅಲ್ಲ.

ಕೊನೆಗೆ ಅವಳು ಮುಂಡಗೋಡದ ನೆಂಟರ ಮನೆಯಲ್ಲಿ ತಂಗಿ, ಬೆಳಗಿನ ಮೊದಲ ಬಸ್ಸಿಗೆ ಹೇಳದೆ ಕೇಳದೆ ಚಿಗಳ್ಳಿಗೆ ಬಂದಳು. ನಿರ್ಮಲಾ ಬಾಗಿಲು ತೆಗೆದಳು. ಪಡಸಾಲೆಯಲ್ಲಿ ಸಾಲಾಗಿ ನಾಲ್ಕು ಜನ ಅಂಗಾತ ಮಲಗಿದ್ದಾರೆ, ಎಲ್ಲರ ಕಣ್ಣ ಮೇಲೂ ಒದ್ದೆ ಬಟ್ಟೆ, ಯಾರೂ ಅಲುಗಾಡುತ್ತಿಲ್ಲ. ಹುಡುಗಿಯ ಬಾಯಿಂದ “ಯಾ ಅಲ್ಲಾ!” ಎಂದು ಹೊರಟೇಬಿಟ್ಟಿತು.

ಸಾಲಿನ ಕೊನೆಯ ಹೆಣ ಮಾತಾಡಿತು. “ಹಾಲಿನವರೇನು? ನಿರ್ಮಲಾ, ನಿನ್ನಿ ಹಾಲು ನೀರಾಗಿತ್ತು ಅಂತ ಹೇಳ!”

ಮಹೆಜಬೀನ ಚೀರಿದ ಸದ್ದಿಗೆ ಎದುರು ಮನೆಯವರು ಓಡಿಬಂದರು. ಚಹಾ ಕುಡಿದು ಸುಧಾರಿಸಿಕೊಂಡ ಮೇಲೆ ಅವಳು ಹಣೆ ಹಣೆ ಬಡಿದುಕೊಂಡಳು. “ಏನೂ ಹಾಕೂದಿಲ್ಲ ಅಂದಿದ್ರಲ್ರಿ ಶಾಂತಕ್ಕಾರ!”

“ಇದೇನ ಔಷಧ ಐತೇನ ಮಗಳ? ಇದು ನಾವು ಏಳೂ ಪದ್ಧತಿ” ಎಂದಳು ಶಾಂತಾದೇವಿ. ಅವಳಿಗೆ ನಿಜವಾಗಿಯೂ ತಪ್ಪೇನೆಂದು ತಿಳಿಯಲಿಲ್ಲ. ಹಲ್ಲುಜ್ಜುತ್ತೇವೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಡಾಕ್ಟರ್ ಉದಯಕುಮಾರ ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಯಿತು. ಸಿಟ್ಟು ಮಾಡಿದ್ದರೆ ರುದ್ರೇಶ ಜಗಳ ತೆಗೆದು ಕೈ ತೊಳೆದುಕೊಳ್ಳುತ್ತಿದ್ದ.

“ಇದು ಭಾಳ ಛಲೋ ಪದ್ಧತಿರಿ. ನಾನೂ ರೋಗಿಗಳಿಗೆ ಹೇಳ್ತಿರತೇನಿ. ಆದ್ರ ನೋವು ತಡದದ್ದು ಹನಿನೋ ಅರಿವಿನೋ ನನಗ ಹೆಂಗ ತಿಳೀಬೇಕು? ಒಂದ ಮೂರು ತಿಂಗಳ ಅರಿವಿ ಬಿಡ್ರಿ. ಎಚ್ಚರಾದ ಕೂಡ್ಲೇ ಕಣ್ಣ ಬಿಟ್ಟು, ಹೆಂಗಿತ್ತೋ ಹಂಗ ಖರೇ ಹೇಳ್ರಿ. ತಾಳಲಾರದಷ್ಟು ಆದ್ರ ಫೋನ್ ಮಾಡ್ರಿ, ನಾವದೇವಿ. ಬ್ಯಾಡ ಅನಸಿದ್ರ ಪರೀಕ್ಷಾ ಬಿಟ್ಟ ಹೋಗ್ರಿ, ಯಾರೂ ಬೈಯೂದಿಲ್ಲ, ನಿಮ್ಮ ಹುಡುಗಿ ಚಿಕಿತ್ಸಾನೂ ನಿಲ್ಲೂದಿಲ್ಲ. ಆದ್ರ ಮೂರು ಮಂದಿ ಕಡಿಮಿ ಆದ್ರ ಈ ಹನಿ ಬಗ್ಗೆ ಏನೂ ತೀರ್ಮಾನ ಹೇಳಾಕ ಬರೂದಿಲ್ಲ. ಮಕ್ಕಳ ತನಕ ಅದು ಮುಟ್ಟೂದು ದೂರ ಉಳೀತು.”

ಬಸ್ಸಿನಲ್ಲಿ ರುದ್ರೇಶ ಕುದಿಯುತ್ತಿದ್ದ. “ಅವ್ವನ ಅರಿವಿ ಕಸಗೊಳ್ಳೂ ಡಾಕ್ಟರ್ ಇನ್ನೂ ಹುಟ್ಟಿಲ್ಲ. ಏನಂತಿ ಅಕ್ಕಾ?”

ಶಾಂತಾದೇವಿ ಕಿಟಕಿಯ ಕಡೆ ತಿರುಗಿ ಕೂತಳು. ಅವಳ ತೊಡೆಯ ಮೇಲೆ ಶಿವಗಂಗಾ ಮಲಗಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ, ಹೂಂ ಅನ್ನಲು ಮನಸ್ಸು ಬರಲಿಲ್ಲ. ಅವ್ವನದು ಅಂತ ಅವಳ ಬಳಿ ಬೇರೇನೂ ಇರಲಿಲ್ಲ. ಫೋಟೋ ಇಲ್ಲ, ಒಡವೆ ಅಪ್ಪನ ಕಾಯಿಲೆಗೆ ಹೋಯಿತು, ಇಳಕಲ್ ಸೀರೆಯೂ ಹರಿದು ಹರಿದು ಈಗ ಕಿರಣಕುಮಾರನ ಹಳೆಯ ಪಂಚೆಯೇ ಅರಿವೆಯಾಗಿದೆ. ಉಳಿದದ್ದು ಆ ಒಂದು ಬಿಸಿ. ಕಣ್ಣ ಮೇಲೆ ಅದು ಕೂತಾಗ, ಈಗ ಅರಿವೆ ಸರಿಸಿದರೆ ಅವ್ವನ ಮುಖ ಕಾಣುತ್ತದೆ ಎಂದು ಒಂದು ಕ್ಷಣ ಅನ್ನಿಸುತ್ತಿತ್ತು. ದಿನಾ ಅನ್ನಿಸುತ್ತಿತ್ತು, ಅರವತ್ತು ದಾಟಿದರೂ. ಅದನ್ನು ಬಿಡು ಅಂದರೆ ಹೇಗೆ?

“ಹುಡುಗಿ ಸಲುವಾಗಿ ಮಾಡೂಣು” ಎಂದಳು ಕೊನೆಗೆ.

“ನೀ ಹೆಂಗೋ ನಾನೂ ಹಂಗ” ಎಂದ ತಮ್ಮ, ಮುಖ ಊದಿಸಿಕೊಂಡೇ.

ಹೇಳಿದ್ದು ಹೌದು, ಮಾಡಲಿಲ್ಲ. ಅರಿವೆ ಬಿಟ್ಟರು ನಿಜ. ಆದರೆ ಎಚ್ಚರವಾದ ಮೇಲೂ ಕಣ್ಣು ಮುಚ್ಚಿಕೊಂಡೇ ಬಿದ್ದುಕೊಂಡರು. ಅಂಗೈ ಅಂಗೈ ತಿಕ್ಕಿ ಬಿಸಿ ಮಾಡಿ ಕಣ್ಣಿಗೆ ಒತ್ತಿಕೊಂಡರು. ಅಂಟು ಬಿಟ್ಟ ಮೇಲೆ ಮೆಲ್ಲಗೆ ಕಣ್ಣು ತೆರೆದು, ಮಹೆಜಬೀನಳ ಫೋನಿಗೆ ಸೊನ್ನೆ ಎಂದರು. ಕಿರಣಕುಮಾರನೊಬ್ಬ ಪ್ರಾಮಾಣಿಕವಾಗಿ ಕಣ್ಣು ಬಿಟ್ಟು ಆರು ಏಳು ಎಂದು ಹೇಳುತ್ತ, ಕೆಂಪು ಕಣ್ಣಲ್ಲಿ ಟೆಂಪೊ ಏರಲಾಗದೆ ಮಧ್ಯಾಹ್ನದ ಬಾಡಿಗೆ ಮಾತ್ರ ಹಿಡಿಯುತ್ತಿದ್ದ. ಮಗ ನೋಯುವುದನ್ನು ನೋಡಿಯೂ ಶಾಂತಾದೇವಿಗೆ ಧೈರ್ಯ ಬರಲಿಲ್ಲ. ನೋವಿಗೆ ಹೆದರಿದಳು ಅಂತಲ್ಲ. ಅರಿವೆಯಿಲ್ಲದೆ ಕಣ್ಣು ಬಿಟ್ಟರೆ ಎದುರಿಗೆ ಅವ್ವ ಇರುವುದಿಲ್ಲ, ಬರೀ ತೊಲೆ ಕಾಣುತ್ತದೆ. ಅದಕ್ಕೆ ಹೆದರಿದಳು.

“ಖರೇ ಸೊನ್ನಿ ಏನ್ರಿ ಶಾಂತಕ್ಕಾರ?” ಮಹೆಜಬೀನ ಒಂದು ದಿನ ಮೆತ್ತಗೆ ಕೇಳಿದಳು.

“ಖರೇನs” ಎಂದು ಫೋನಿಟ್ಟ ಶಾಂತಾದೇವಿ ಅವತ್ತು ತನ್ನ ಪಾಲಿನ ರೊಟ್ಟಿಯನ್ನು ಮೊಮ್ಮಗಳ ತಾಟಿಗೆ ಹಾಕಿದಳು.

ಅಷ್ಟರಲ್ಲಿ ಹಳಿಯಾಳದಲ್ಲಿ ನಿರ್ಮಲಾಳ ಬಸುರಿ ತಂಗಿಗೆ ಕುಪ್ಪಸದ ಕಾರ್ಯ ಬಂತು. ಗಂಡ ಹೆಂಡತಿ ಹಿಂದಿನ ದಿನವೇ ಟೆಂಪೊದಲ್ಲಿ ಹೋದರು. ಶಿವಗಂಗಾಳಿಗೆ ಶಾಲೆಯ ಪರೀಕ್ಷೆಯಿತ್ತು, ಅವಳು ತನ್ನ ‘ಆಯಿ’ ಶಾಂತಾದೇವಿ ಮತ್ತು ರುದ್ರೇಶನ ಜೊತೆ ಮನೆಯಲ್ಲೇ ಉಳಿದಳು. ಹುಡುಗಿ ಹನಿಯ ಪರೀಕ್ಷೆಯಲ್ಲಿ ಇರಲಿಲ್ಲವಾದ್ದರಿಂದ ಅವಳ ಅರಿವೆ ನಿಂತಿರಲಿಲ್ಲ. ನಿರ್ಮಲಾ ಅದನ್ನು ಮಡಚಿ ಒಲೆಯ ಪಕ್ಕ ಇಟ್ಟು ಹೋಗಿದ್ದಳು.

ಬೆಳಿಗ್ಗೆ ಕಾಲೊನಿಯ ಕಡೆಯಿಂದ ಕಹಳೆ ಕೇಳಿದಾಗ ಶಾಂತಾದೇವಿಗೆ ಎಚ್ಚರವಾಯಿತು. ರೂಢಿಯಂತೆ ಅಂಗೈ ತಿಕ್ಕತೊಡಗಿದಳು. ಪಕ್ಕದಲ್ಲಿ ಸಣ್ಣ ದನಿ ಬಂತು.

“ಆಯಿ, ಅರಿವಿ ತಾ. ಚುಚ್ಚಾಕತ್ತೈತಿ. ಪರೀಕ್ಷಾಕ್ಕ ಹೊತ್ತಾಗತೈತಿ.”

“ನಿರ್ಮಲಾ...” ಅನ್ನಹೋಗಿ ನೆನಪಾಯಿತು. ಮನೆಯಲ್ಲಿ ಚೊಕ್ಕ ಕಣ್ಣಿನವರು ಯಾರೂ ಇಲ್ಲ.

“ಬಿಡಬ್ಯಾಡ, ಬಂದೆ” ಎಂದಳು.

ಕಣ್ಣು ಮುಚ್ಚಿಕೊಂಡೇ ಎದ್ದು, ಗೋಡೆ ಹಿಡಿದು ಅಡುಗೆಮನೆಗೆ ನಡೆದಳು. ಪಾತ್ರೆ ಸಿಕ್ಕಿತು, ನೀರು ಸಿಕ್ಕಿತು. ಲೈಟರ್ ಸಿಗಲಿಲ್ಲ. ಗ್ಯಾಸ್ ಒಲೆಯ ಬಲಕ್ಕೆ ತಡಕಿದಳು, ಎಡಕ್ಕೆ ತಡಕಿದಳು, ಡಬ್ಬಿ ಉರುಳಿ ಸಾಸಿವೆ ಚೆಲ್ಲಿತು. ಒಳಗೆ ಹುಡುಗಿ ಮುಲುಗುತ್ತಿದೆ. ಶಾಂತಾದೇವಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಲೈಟರ್ ಯಾರ ತಗದೀರಿ? ಇಟ್ಟಲ್ಲೆ ಇಡಾಕ ಏನ ಧಾಡಿ ನಿಮಗ? ಕೈಗೆ ಸಿಕ್ರ ಚರ್ಮಾ ಸುಲೀತೇನಿ!”

ಕೂಗಿದವಳು ತಾನೇ ಬೆಚ್ಚಿದಳು. ಆ ದನಿ ಅವಳದಾಗಿರಲಿಲ್ಲ.

ನಿಂತು ಯೋಚಿಸಲು ಹೊತ್ತಿರಲಿಲ್ಲ. ಕಣ್ಣು ಬಿಟ್ಟಳು. ಎರಡೂ ಕಣ್ಣಿಗೆ ಚಾಕು ಹಾಕಿದ ಹಾಗಾಯಿತು. ಕಟ್ಟೆ ಹಿಡಿದು ಬಾಗಿದಳು, ನೀರು ಇಳಿದು ಗದ್ದದಿಂದ ತೊಟ್ಟಿಕ್ಕಿತು. ಆ ನೀರಿನೊಳಗಿಂದಲೇ ಕಿಟಕಿಯ ಅಂಚಿನಲ್ಲಿ ಲೈಟರ್ ಕಂಡಿತು. ಒಲೆ ಹೊತ್ತಿಸಿದಳು. ನೀರು ಕಾಯಿತು. ಅರಿವೆ ಅದ್ದಿ, ಹಿಂಡಿ, ಕೆನ್ನೆಗೆ ತಾಗಿಸಿ ಬಿಸಿ ನೋಡಿ, ಹುಡುಗಿಯ ಕಣ್ಣ ಮೇಲೆ ಇಟ್ಟಳು.

ಅವಳ ಗದ್ದದಿಂದ ಒಂದು ಹನಿ ಹುಡುಗಿಯ ಮೂಗಿನ ಮೇಲೆ ಬಿತ್ತು.

“ಆಯಿ, ಅಳಾಕತ್ತೀ ಏನು?”

“ಇಲ್ಲ, ಒಲಿ ಹೊಗಿ.”

ಹೇಳಿಯಾದ ಮೇಲೆ ಕೇಳಿಸಿತು, ತಾನೇನು ಹೇಳಿದೆ ಎಂದು. ಒಳಗೆ ಗ್ಯಾಸ್ ಒಲೆ ನೀಲಿಯಾಗಿ, ಚೊಕ್ಕವಾಗಿ ಉರಿಯುತ್ತಿತ್ತು. ಮನೆಯಲ್ಲಿ ಹೊಗೆ ಎಂಬುದೇ ಇರಲಿಲ್ಲ.

ಶಾಂತಾದೇವಿ ಹುಡುಗಿಯ ತಲೆಯ ಹತ್ತಿರ ಕೂತಳು. ದಾಂಡೇಲಿಯ ಒಣ ಮತ್ತಿ ಹೊಗೆ ಆಡಿರಲಿಲ್ಲ. ಕಡ್ಡಿಪೆಟ್ಟಿಗೆ ಗೂಡಿನಲ್ಲಿಯೇ ಇರಬೇಕಿತ್ತು, ಯಾಕೆಂದರೆ ನೋವಿನ ನೀರು ತುಂಬಿ, ಹುಡುಕುವ ಕೈಗೆ ಕಣ್ಣಿರಲಿಲ್ಲ. ಎಲ್ಲರ ಕಣ್ಣಿಗೂ ಅರಿವೆ ಇಟ್ಟ ಅವ್ವನ ಕಣ್ಣಿಗೆ ಒಂದು ದಿನವೂ ಯಾರೂ ಅರಿವೆ ಇಡಲಿಲ್ಲ. ಯಾರಾದರೊಬ್ಬರು ಮೊದಲು ಕಣ್ಣು ಬಿಡಲೇಬೇಕಿತ್ತು, ಅವಳು ಬಿಟ್ಟಳು. ದಿನಾ ಬಿಟ್ಟಳು. ಆ ನೋವಿನಲ್ಲಿ ನಿಂತು ರೊಟ್ಟಿಯ ಆಟ ಆಡಿಸಿದಳು. ಅಯ್ಯೋ ಅವ್ವಾ, ಹೇಳಬಾರದಿತ್ತೇ? ಅಪ್ಪನನ್ನಾದರೂ ಎಬ್ಬಿಸಬಾರದಿತ್ತೇ? ಅವನ ಕಣ್ಣಿಗೇನಾಗಿತ್ತು ಧಾಡಿ!

ಆಚೆಯ ಹಾಸಿಗೆಯಲ್ಲಿ ರುದ್ರೇಶನ ಅಂಗೈ ತಿಕ್ಕುವ ಸದ್ದು ನಿಂತಿತ್ತು. ಲೈಟರಿನ ಬೈಗುಳ, ‘ಒಲಿ ಹೊಗಿ’, ಎಲ್ಲವನ್ನೂ ಅವನು ಕೇಳಿಸಿಕೊಂಡಿದ್ದ.

“ಅಕ್ಕಾ... ಅದಕ್ಕs ಬಡದಿದ್ಲೇನು, ಕಡ್ಡಿಪೆಟಗಿಗೆ?”

“ಹೂಂ.”

ಅವನು ಹಾಸಿಗೆಯಲ್ಲಿ ಎದ್ದು ಕೂತು, ಹಲ್ಲು ಕಚ್ಚಿ, ಎರಡೂ ಕಣ್ಣು ಬಿಟ್ಟ. “ಯವ್ವಾ” ಅಂದ, ಸಣ್ಣ ಹುಡುಗನ ಹಾಗೆ.

ಫೋನು ಬಡಿದುಕೊಂಡಿತು.

“ಶಾಂತಕ್ಕಾರ, ಇವತ್ತ ಎಷ್ಟ್ರಿ?”

“ಒಂಬತ್ತು ಬರಕೋ ಮಗಳ. ನಿನ್ನಿ ತನಕಾ ನಾವಿಬ್ಬರೂ ಸೊನ್ನಿ ಅಂದದ್ದು ಸುಳ್ಳು. ಡಾಕ್ಟರಿಗೆ ನಾನs ಹೇಳ್ತೇನಿ, ಬೈಲಿ. ಇವತ್ತಿಂದ ಖರೇ ಹೇಳ್ತೇವಿ.” ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು, “ಇನ್ನೊಂದ ಮಾತು. ವಂಶದ ಚಿತ್ರದಾಗ ನಮ್ಮಪ್ಪನ ಚೌಕ ಕರ್ರಗ ಮಾಡ್ಯಾರಲ್ಲ, ಅದು ತಪ್ಪೈತಿ. ಅವ ಸುಮ್ನ ನಮ್ಮ ಜೋಡಿ ಮಕ್ಕೊಂಡಿರತಿದ್ದ. ಇಬ್ಬರಾಗ ಒಬ್ಬರಿಗೆ ಅಂದಿದ್ರಲ್ಲ ಡಾಕ್ಟರು, ಅದು ನಮ್ಮವ್ವಗ. ಅಕಿ ಗುಂಡ ತುಂಬಾಕ ಹೇಳು.”

“ಇಷ್ಟ ವರ್ಷದ ಮ್ಯಾಲ ಹೆಂಗ ಗೊತ್ತಾತ್ರಿ?”

“ನಮ್ಮ ಒಲ್ಯಾಗ ಹೊಗಿ ಇದ್ದಿಲ್ಲವ್ವಾ” ಎಂದಳು ಶಾಂತಾದೇವಿ. ಆ ಕಡೆ ಮಹೆಜಬೀನ ಏನು ಅರ್ಥ ಮಾಡಿಕೊಂಡಳೋ, ಅದನ್ನೂ ಬರೆದುಕೊಂಡಳು.

ಅರಿವೆಯ ಕೆಳಗಿಂದ ಹುಡುಗಿ ಕೇಳಿತು, “ಆಯಿ, ಬಿಡ್ಲೇನು?”

ಶಾಂತಾದೇವಿ ಅವಳ ಮೇಲೆ ಬಗ್ಗಿ ನಿಂತಳು. ಕಣ್ಣು ಉರಿಯುತ್ತಿತ್ತು, ನೀರಿನಲ್ಲಿ ಹುಡುಗಿಯ ಮುಖ ಕಲಸಿಹೋಗಿತ್ತು. ಮುಖದ ಮೇಲೆ ಒಂದಿಷ್ಟು ನಗು ತಂದುಕೊಂಡಳು.

“ಈಗ ಬಿಡು” ಎಂದಳು.